ಅಳಿವೆಯ ಬಾಯಲ್ಲಿ ಅಂಬಿಗನ ಮಾತು

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಅಳತೆಯುಳ್ಳ ವಸ್ತು. ಬಾವಿಯ ನೀರಿಗೆ ಹಗ್ಗದ ಅಳತೆ, ಕೆರೆಯ ನೀರಿಗೆ ಏರಿಯ ಅಳತೆ, ಮನೆಯ ನೀರಿಗೆ ಕೊಡದ ಅಳತೆ. ಅಳತೆಗೆ ಸಿಕ್ಕದ ನೀರನ್ನು ಕಂಡಾಗ ನಮ್ಮವರಲ್ಲಿ ಎರಡು ಬಗೆಯ ವರ್ತನೆ ಕಾಣುತ್ತದೆ. ಕೆಲವರು ದಡದಿಂದಲೇ ಕೈಮುಗಿದು ಹಿಂದಿರುಗುತ್ತಾರೆ. ಇನ್ನು ಕೆಲವರು ಅದನ್ನೂ ಊರ ಕೆರೆಯೆಂದೇ ಭಾವಿಸಿ ಮೊಣಕಾಲುದ್ದ, ಸೊಂಟದುದ್ದ ಎಂದು ಮುಂದೆ ಮುಂದೆ ಹೋಗುತ್ತಾರೆ. ಮೊದಲನೆಯವರಿಗೆ ಕಡಲಿನ ಪರಿಚಯವೇ ಆಗುವುದಿಲ್ಲ. ಎರಡನೆಯವರಿಗೆ ಆಗುವ ಪರಿಚಯ ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಅದು ನೀರನ್ನು ಬಲ್ಲವರ ಮಾತು ಕೇಳಿ ನಡೆಯುವ ದಾರಿ. ಇದು ಹೇಳುವುದಕ್ಕೆ ಸುಲಭ, ನಡೆಯುವುದಕ್ಕೆ ಅಷ್ಟು ಸುಲಭವಲ್ಲ ಎಂಬುದು ಕಳೆದ ಜನವರಿಯಲ್ಲಿ ನಾವು ಗೆಳೆಯರ ಕುಟುಂಬಗಳೊಡನೆ ಕೈಗೊಂಡ ಎರಡು ದಿನಗಳ ದೋಣಿ ವಿಹಾರದಲ್ಲಿ ನಮಗೆ ಮನವರಿಕೆಯಾಯಿತು. ಅದನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿ ಈ ನಾಲ್ಕು ಮಾತು.

ಉದ್ಯೋಗ ನಿಮಿತ್ತ ಧಾರವಾಡದ ಕಡೆಯಿಂದ ಬಂದ ನಾವು ಮೂಡುಬಿದಿರೆಯ ಸಮೀಪದ ಪುತ್ತಿಗೆಯಲ್ಲಿ ನೆಲೆಸಿ ಹಲವು ವರ್ಷಗಳಾದವು. ಪುತ್ತಿಗೆಯಿಂದ ಕಡಲು ಕಾಣಿಸುವುದಿಲ್ಲ. ಗುಡ್ಡ, ಗದ್ದೆ, ಅಡಿಕೆ ತೋಟಗಳ ನಡುವಿನ ಊರು. ಕರಾವಳಿಗೆ 25-30 ಕಿಲೋಮೀಟರಿನ ದಾರಿ. ಆದರೂ ಈ ಊರಿಗೂ ಸಮುದ್ರಕ್ಕೂ ಹಳೆಯ ನಂಟಿದೆ. ಈ ಸೀಮೆಯನ್ನಾಳಿದ ಚೌಟ ಅರಸರಿಗೆ ಪುತ್ತಿಗೆ, ಮೂಡುಬಿದಿರೆಗಳು ನೆಲದ ಮೇಲಿನ ನೆಲೆಗಳಾದರೆ, ಉಳ್ಳಾಲವು ಕಡಲ ತೀರದ ನೆಲೆಯಾಗಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದ ಕುವರಿ. ಭಾರತದ ಕರಾವಳಿ ರಕ್ಷಣಾ ಪಡೆಯು 2012ರಲ್ಲಿ ಸೇವೆಗೆ ಸೇರಿಸಿಕೊಂಡ ಗಸ್ತು ಹಡಗೊಂದಕ್ಕೆ ಆಕೆಯ ಹೆಸರನ್ನೇ ಇಟ್ಟಿದೆ. ಪುತ್ತಿಗೆಯ ದೇವಾಲಯದಲ್ಲಿಯೂ ಉಳ್ಳಾಲದ ಸೋಮೇಶ್ವರದಲ್ಲಿಯೂ ಪೂಜೆಗೊಳ್ಳುವವನು ಸೋಮನಾಥನೇ. ಒಳನಾಡಿನಲ್ಲಿದ್ದ ಅರಸು ಮನೆತನವೊಂದು ಕಡಲಿನ ಕಡೆಗೂ ಒಂದು ಬಾಗಿಲನ್ನು ತೆರೆದಿಟ್ಟುಕೊಂಡಿತ್ತೆಂಬುದಕ್ಕೆ ಇದೊಂದು ಗುರುತು.

ನಮ್ಮ ಸಮಾಜದ ಹಿರಿಯರಿಗೂ ಕಡಲು ಹೊರಗಿನದಾಗಿರಲಿಲ್ಲ. ವೀರಶೈವ ಅರಸರಾದ ಕೆಳದಿಯ ನಾಯಕರು ಘಟ್ಟದ ಮೇಲಿನ ಇಕ್ಕೇರಿ, ಬಿದನೂರುಗಳಲ್ಲಿದ್ದುಕೊಂಡೇ ಈ ಕರಾವಳಿಯನ್ನು ಆಳಿದರು. 1650ರ ದಶಕದಲ್ಲಿ ಶಿವಪ್ಪ ನಾಯಕನು ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಕೋಟೆಗಳನ್ನು ಪೋರ್ಚುಗೀಸರ ಕೈಯಿಂದ ಬಿಡಿಸಿಕೊಂಡನು. ಮಲ್ಪೆಯ ಎದುರಿಗಿರುವ ದರಿಯಾ ಬಹದ್ದೂರ್‌ಗಡವೆಂಬ ದ್ವೀಪದಲ್ಲಿ ಬಿದನೂರಿನ ಬಸವಪ್ಪ ನಾಯಕನು ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಘಟ್ಟದ ಮೇಲಿನ ಅರಸನು ಕೋಟೆಯನ್ನು ಕಟ್ಟಿಸಿರಬಹುದು. ಆದರೆ ಕಲ್ಲು, ಸುಣ್ಣ, ಆಳುಗಳನ್ನು ಅಲೆಗಳ ಮೇಲೆ ಸಾಗಿಸಲು ಕಡಲಿನ ಮಕ್ಕಳೇ ಬೇಕು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಇರಲಾರವು. ಅಂಥವರ ಪೀಳಿಗೆಯವರೊಬ್ಬರ ಕೈಯಲ್ಲಿ ನಾವು ಎರಡು ದಿನಗಳ ಹಿಂದೆ ಮಾತಾಡಿ ಗೊತ್ತುಮಾಡಿದ ದೋಣಿಯ ಚುಕ್ಕಾಣಿ ಇತ್ತು.

ಪುತ್ತಿಗೆಯ ನಮ್ಮ ಎರಡು ಮನೆಗಳವರು, ಮೂಡುಬಿದಿರೆಯಲ್ಲಿ ಉಪಾಧ್ಯಾಯರಾಗಿರುವ ಚಿತ್ರದುರ್ಗದ ಕಡೆಯ ಮಿತ್ರ ದಂಪತಿಗಳು ಹಾಗೂ ಹುಬ್ಬಳ್ಳಿಯಿಂದ ಬಂದ ವ್ಯಾಪಾರಸ್ಥ ಗೆಳೆಯರ ಕುಟುಂಬ, ಹೀಗೆ ಒಟ್ಟು ಹನ್ನೊಂದು ಜನ. ಹುಬ್ಬಳ್ಳಿಯ ಗೆಳೆಯರೊಡನೆ ಅವರ ತಾಯಿಯವರೂ ಬಂದಿದ್ದರು. ವಯಸ್ಸು 76. ಹೃದಯದ ತೊಂದರೆಗಾಗಿ ಒಮ್ಮೆ ಆಸ್ಪತ್ರೆಯಲ್ಲಿದ್ದು ಬಂದವರು. ಜೀವಮಾನದಲ್ಲಿ ಒಮ್ಮೆಯಾದರೂ 'ದೊಡ್ಡ ನೀರಿನ' ಮೇಲೆ ಹೋಗಿಬರಬೇಕೆಂಬುದು ಅವರ ಆಸೆ. ಈ ವಿಹಾರದ ಏರ್ಪಾಡೆಲ್ಲ ಆಕೆಯ ಸಲುವಾಗಿಯೇ ಎಂದರೂ ತಪ್ಪಲ್ಲ. ಶನಿವಾರ ಮೂಲ್ಕಿಯಲ್ಲಿ ನದಿಯ ಮೇಲೆ ಹೊರಟು, ಅಳಿವೆಯನ್ನು ದಾಟಿ, ಹೆಜಮಾಡಿಯ ತೀರದ ಉದ್ದಕ್ಕೂ ಪಡುಬಿದ್ರಿಯವರೆಗೆ ಸಮುದ್ರದಲ್ಲಿ ಹೋಗಿ ಮರಳುವುದು, ಭಾನುವಾರ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪವನ್ನು ನೋಡುವುದು ಎಂದು ನಿಶ್ಚಯವಾಗಿತ್ತು.

ಮೂಲ್ಕಿಯಲ್ಲಿ ಎರಡು ಸಣ್ಣ ಮೋಟಾರು ದೋಣಿಗಳು ಕಾದಿದ್ದವು. ಒಂದನ್ನು ನಡೆಸುವವರು ಐವತ್ತು ದಾಟಿದ ಮೊಗವೀರ ಸಮುದಾಯದ ಅಂಬಿಗರು. ಇನ್ನೊಂದಕ್ಕೆ ಅವರ ಅಕ್ಕನ ಮಗ. ತುಳುನಾಡಿನ ಅಳಿಯಕಟ್ಟಿನಲ್ಲಿ ಮಾವನ ವಿದ್ಯೆ ಅಳಿಯನಿಗೆ ಇಳಿಯುವುದು ಸಹಜ. ಶಾಕಾಹಾರಿಗಳು ಬರುತ್ತಾರೆಂದು ತಿಳಿದು ಅವರು ಮುಂಜಾನೆಯೇ ಸೋಪಿನ ಪುಡಿ ಹಾಕಿ ದೋಣಿಯನ್ನು ತಿಕ್ಕಿ ತೊಳೆದಿದ್ದರು. ಹನ್ನೊಂದು ಜನರನ್ನೂ ಒಂದೇ ದೋಣಿಗೆ ಹತ್ತಿಸಿ, ಇನ್ನೊಂದರಲ್ಲಿ ಬುತ್ತಿ ಗಂಟುಗಳನ್ನು ಇಡೋಣವೆಂಬ ಸಲಹೆ ನಮ್ಮಲ್ಲಿಯೇ ಒಬ್ಬರಿಂದ ಬಂತು. ಅವರು ನಕ್ಕು, ಆರು ಮತ್ತು ಐದು ಎಂದು ನಮ್ಮನ್ನು ಹಂಚಿ, ದಪ್ಪನೆಯವರನ್ನು ನಡುವೆಯೂ ಹಗುರಾದವರನ್ನು ಮೂತಿಯ ಕಡೆಗೂ ಕೂರಿಸಿದರು. ಎಲ್ಲರಿಗೂ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ತೊಡಿಸಿದ ಮೇಲೆಯೇ ಎಂಜಿನ್ನಿಗೆ ಕೈ ಹಾಕಿದ್ದು.

ತಾಯಿಯವರು ಮಾತ್ರ ಜಾಕೆಟ್ಟಿಗೆ ಒಪ್ಪಲಿಲ್ಲ. "ಎದಿ ಮ್ಯಾಲೆ ಲಿಂಗ ಐತೋ ಯಪ್ಪಾ, ಅದರ ಮ್ಯಾಲೆ ಪಟ್ಟಿ ಬಿಗಿಬಾರದು" ಎಂದರು. ಅಂಬಿಗರಿಗೆ ಮೊದಲು ಅರ್ಥವಾಗಲಿಲ್ಲ. ನಾವು ವಿವರಿಸಿದೆವು. ಅವರು ತಲೆಯಾಡಿಸಿ, ಇನ್ನೊಂದು ದೊಡ್ಡ ಅಳತೆಯ ಜಾಕೆಟ್ ತರಿಸಿ, ಪಟ್ಟಿಯು ಕರಡಿಗೆಯ ಕೆಳಗೆ ಬರುವಂತೆ ತಾವೇ ಬಿಗಿದರು. "ದೇವರು ಒಳಗೆ ಇರ್ಲಿ ಅಮ್ಮ, ಜಾಕೆಟ್ ಹೊರಗೆ ಇರ್ಲಿ. ಇಬ್ಬರೂ ಕಾಯ್ತಾರೆ" ಎಂದರು. ಆಕೆಗೆ ಆ ಮಾತು ಹಿಡಿಸಿತು.

ಶಾಂಭವಿ ನದಿಯ ಹಿನ್ನೀರಿನ ಸೊಬಗನ್ನು ಎಷ್ಟು ಬಣ್ಣಿಸಿದರೂ ಸಾಲದು. ದಡದಲ್ಲಿ ತೆಂಗಿನ ಸಾಲು, ಅದರ ಬುಡದಲ್ಲಿ ಉಪ್ಪುನೀರಿನಲ್ಲಿಯೇ ಬೇರೂರಿ ನಿಂತ ಕಾಂಡ್ಲಾ ಗಿಡಗಳು, ಮೇಲೆ ಬಿಳಿಯ ತಲೆಯ ಗರುಡ ಪಕ್ಷಿಗಳು. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಕ್ಷೇತ್ರವೂ ಈ ನದಿಯ ಕಥೆಯೊಡನೆ ಹೆಣೆದುಕೊಂಡಿದೆ. ಬಪ್ಪ ಬ್ಯಾರಿಯೆಂಬ ಮುಸ್ಲಿಂ ವರ್ತಕನ ಹಡಗು ಇಲ್ಲಿ ಮುಂದೆ ಸಾಗದೆ ನಿಂತಿತು, ಅದೇ ಈ ದೇಗುಲದ ಹುಟ್ಟಿಗೆ ಕಾರಣವಾಯಿತು, ಆತನಿಂದಲೇ ಊರಿಗೆ ಬಪ್ಪನಾಡೆಂಬ ಹೆಸರೂ ಬಂತು ಎಂದು ಐತಿಹ್ಯ. ಕಟೀಲಿನ ದೇವಾಲಯವನ್ನು ಬಳಸಿಕೊಂಡು ಬರುವ ನಂದಿನಿಯು ಸಸಿಹಿತ್ಲಿನ ಬಳಿ ಶಾಂಭವಿಯನ್ನು ಕೂಡಿಕೊಳ್ಳುತ್ತದೆ. ಕೂಡಿದ ಎರಡು ನದಿಗಳೂ ಒಂದೇ ಬಾಯಿಂದ ಸಮುದ್ರಕ್ಕೆ ಸೇರುವ ಎಡೆಯೇ ಅಳಿವೆ. ನದಿಯ ನಡುವಿನ ಮರಳ ದಿಣ್ಣೆಯೊಂದರಲ್ಲಿ ದೋಣಿ ನಿಲ್ಲಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನಗಳ ಬುತ್ತಿ ಬಿಚ್ಚಿದೆವು. ಅಂಬಿಗರೂ ಅವರ ಅಳಿಯನೂ ನಮ್ಮೊಡನೆ ಕುಳಿತು ಉಂಡರು. ರೊಟ್ಟಿಯನ್ನು ಮುರಿಯುವಾಗ ಆ ಹುಡುಗ, "ಇದು ಹಪ್ಪಳವಾ?" ಎಂದು ಕೇಳಿದ್ದು ಎಲ್ಲರನ್ನೂ ನಗಿಸಿತು.

ಊಟ ಮುಗಿಸಿ ಅಳಿವೆಯ ಹತ್ತಿರ ಬಂದಾಗ ಮಧ್ಯಾಹ್ನ ಮೂರು ಗಂಟೆ. ಹುಣ್ಣಿಮೆ ಕಳೆದು ಎರಡನೆಯ ದಿನ. ನೀರು ಭರತದ ಮಟ್ಟವನ್ನು ಮುಟ್ಟಿ ಇಳಿಯತೊಡಗಿ ಎರಡು ತಾಸಾಗಿತ್ತು. ಪಡುವಣ ಗಾಳಿ ಎದ್ದಿತ್ತು. ನಮ್ಮ ಕಣ್ಣಿಗೆ ದೂರದಲ್ಲಿ ಒಂದು ಬಿಳಿಯ ಗೆರೆ ಮೂಡಿ ಮೂಡಿ ಅಳಿಸಿಹೋಗುವುದಷ್ಟೇ ಕಾಣುತ್ತಿತ್ತು. ಅದರಾಚೆ ಅಪಾರವಾದ ನೀಲಿ. ಅಂಬಿಗರು ಎಂಜಿನ್ನಿನ ವೇಗ ತಗ್ಗಿಸಿ, ಎದ್ದು ನಿಂತು, ಆ ಗೆರೆಯನ್ನು ಐದಾರು ನಿಮಿಷ ನೋಡಿದರು. ಅಳಿಯನೊಡನೆ ತುಳುವಿನಲ್ಲಿ ಏನೋ ಮಾತಾಡಿ, "ಇತ್ತೆ ಬೊಡ್ಚಿ" ಎಂದರು. ಬಳಿಕ ನಮ್ಮ ಕಡೆ ತಿರುಗಿ, "ಈಗ ಬೇಡ ಮಾಸ್ಟ್ರೆ, ಇಲ್ಲಿಂದಲೇ ತಿರುಗಿಸುವ" ಎಂದರು.

ಹುಬ್ಬಳ್ಳಿಯ ಗೆಳೆಯರ ಮುಖ ಸಪ್ಪಗಾಯಿತು. ತಾಯಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು ಆ ನೀಲಿಯನ್ನೇ ನೋಡುತ್ತಿದ್ದರು. "ಇಷ್ಟು ದೂರ ಬಂದೇವಿ ಅಣ್ಣಾರ, ಅವ್ವ ಮತ್ತ ಯಾವಾಗ ಬರ್ತಾಳೋ ಏನೋ. ಬೇಕಾದ್ರ ಇನ್ನೂ ಎರಡು ಸಾವಿರ ಕೊಡ್ತೀವಿ, ಒಂದೀಟು ಹೊರಗ ಹೋಗಿ ಬರೂಣ್ರಿ" ಎಂದು ಗೆಳೆಯರು ಅಂಗಲಾಚಿದರು. ಅವರ ಮಾತಿನಲ್ಲಿ ದರ್ಪವಿರಲಿಲ್ಲ, ಮಗನ ಆರ್ತತೆಯಿತ್ತು. ದೋಣಿಯಲ್ಲಿದ್ದ ನಮ್ಮೆಲ್ಲರ ಮನಸ್ಸೂ ಅವರ ಪರವಾಗಿಯೇ ಇತ್ತು. ಎದುರಿನ ಸಮುದ್ರವಾದರೋ ಶಾಂತವಾಗಿ ಕಾಣುತ್ತಿತ್ತು.

ಅಂಬಿಗರು ಸಿಟ್ಟಾಗಲಿಲ್ಲ. ಮಕ್ಕಳಿಗೆ ಪಾಠ ಹೇಳುವಂತೆ ವಿವರಿಸಿದರು. ನದಿಯು ಹೊತ್ತು ತಂದ ಮರಳೂ ಕಡಲು ತಳ್ಳಿದ ಮರಳೂ ಅಳಿವೆಯ ಬಾಯಲ್ಲಿ ದಿಬ್ಬವಾಗಿ ನಿಂತಿರುತ್ತದೆ. ಅಲ್ಲಿ ನೀರಿನ ಆಳ ಕಡಿಮೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಗೆ ನುಗ್ಗುತ್ತದೆ. ಹೊರಗಿನ ಅಲೆ ಒಳಗೆ ಬರುತ್ತದೆ. ಒಂದಕ್ಕೊಂದು ಎದುರಾದಾಗ ಅಲೆಯು ಕಡಿದಾಗಿ ಎದ್ದು ದಿಬ್ಬದ ಮೇಲೆ ಒಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಆದ್ದರಿಂದ ಸೆಳೆತವೂ ಹೆಚ್ಚು. ಮಧ್ಯಾಹ್ನದ ಪಡುವಣ ಗಾಳಿ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. "ಹೋಗ್ಲಿಕ್ಕೆ ಆಗ್ತದೆ ಮಾಸ್ಟ್ರೆ, ನೀರೇ ಎಳಕೊಂಡು ಹೋಗ್ತದೆ. ಬರ್ಲಿಕ್ಕೆ ಆಗುವುದಿಲ್ಲ. ಬರುವಾಗ ಸೆಳೆತ ಎದುರು, ಅಲೆ ಬೆನ್ನ ಹಿಂದೆ. ಸಣ್ಣ ದೋಣಿ ಅಡ್ಡ ತಿರುಗಿದರೆ ಮಗುಚುವುದೇ" ಎಂದರು. ನಾಳೆ ಬೆಳಿಗ್ಗೆ ನೀರೇರುವ ಹೊತ್ತಿಗೆ ಬಂದರೆ ತಾವೇ ದಾಟಿಸುವುದಾಗಿಯೂ ಹೇಳಿದರು. ಅಷ್ಟು ಹೇಳಿ, ನಮ್ಮ ಒಪ್ಪಿಗೆಗಾಗಿ ಕಾಯದೆ ದೋಣಿಯನ್ನು ತಿರುಗಿಸಿಬಿಟ್ಟರು.

ನಮ್ಮ ಮನಸ್ಸನ್ನು ನಿಜವಾಗಿ ಕಲಕಿದ ಸಂಗತಿ ನಡೆದದ್ದು ದಡಕ್ಕೆ ಬಂದ ಮೇಲೆ. ದೋಣಿಯೊಂದಕ್ಕೆ 4,000 ರೂಪಾಯಿ ಬಾಡಿಗೆಯೆಂದು ಮಾತಾಗಿತ್ತು. ಗೆಳೆಯರು ಎರಡು ದೋಣಿಗಳ ಪೂರ್ತಿ ಹಣವನ್ನು ಎಣಿಸಿ ಕೊಟ್ಟರು. ಅಂಬಿಗರು ಅರ್ಧವನ್ನು ಇಟ್ಟುಕೊಂಡು ಅರ್ಧವನ್ನು ಮರಳಿಸಿದರು. ಎಷ್ಟು ಒತ್ತಾಯಿಸಿದರೂ ತೆಗೆದುಕೊಳ್ಳಲಿಲ್ಲ. "ಹೋಗದ ದಾರಿಗೆ ಹಣ ಯಾಕೆ?" ಎಂಬುದೊಂದೇ ಮಾತು. ಎಂಜಿನ್ನಿಗೆ ಮಾಡಿದ ಸಾಲದ ಕಂತು ಇನ್ನೂ ಉಳಿದಿದೆಯೆಂದು ಊಟದ ಹೊತ್ತಿನಲ್ಲಿ ಅಳಿಯನೇ ನಮಗೆ ಹೇಳಿದ್ದನು. ಮಳೆಗಾಲದಲ್ಲಿ ಇಂಥ ಸಣ್ಣ ದೋಣಿಗಳಿಗೆ ಸಂಪಾದನೆಯಿಲ್ಲ. ಜನವರಿಯ ಶನಿವಾರವೆಂದರೆ ಅವರಿಗೆ ದುಡಿಮೆಯ ದಿನ. ಹಾಗಿದ್ದೂ ತಮ್ಮ ಮಾತಿನಿಂದಲೇ ತಮ್ಮ ಅರ್ಧ ಸಂಪಾದನೆಯನ್ನು ಅವರು ಬಿಟ್ಟುಕೊಟ್ಟಿದ್ದರು. ಇನ್ನೂ ಎರಡು ಸಾವಿರದ ಆಸೆಯನ್ನಂತೂ ಅಳಿವೆಯಲ್ಲಿಯೇ ತಿರಸ್ಕರಿಸಿದ್ದರು.

ತಾಯಿಯವರು ಇದೆಲ್ಲವನ್ನೂ ನೋಡುತ್ತ ನಿಂತಿದ್ದವರು ಮಗನಿಗೆ ಹೇಳಿದರು: "ಆಯ್ದಕ್ಕಿ ಲಕ್ಕಮ್ಮನ ಕತಿ ಪುರಾಣದಾಗ ಕೇಳಿದ್ವಿ. ಇವತ್ತ ಕಣ್ಣಿಲೆ ನೋಡಿದ್ವಿ ನೋಡಪಾ." ಗಂಡನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆ ಶರಣೆಯ ಕಥೆ ನಮ್ಮ ಮನೆಮನೆಗಳಲ್ಲಿಯೂ ಬಳಕೆಯಲ್ಲಿದೆ. ಪುರಾಣದಲ್ಲಿ ಕೇಳುವಾಗ ಅದು ದೂರದ ಮಾತಾಗಿ ಕಾಣುತ್ತದೆ. ದೋಣಿಯ ಬಾಡಿಗೆಯ ರೂಪದಲ್ಲಿ ಎದುರಿಗೆ ಬಂದು ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಅಂಬಿಗರ ಚೌಡಯ್ಯನವರ ನೆನಪೂ ಅಂದು ನಮಗೆ ಬಂತು. 12ನೆಯ ಶತಮಾನದ ಆ ಶರಣರು ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ದೋಣಿ ನಡೆಸುವ ಕಾಯಕ ಮಾಡಿದರೆಂದು ಪ್ರತೀತಿ. ಬಹುಮಂದಿ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನಗಳಿಗೆ ಅಂಕಿತವಾಗಿಸಿಕೊಂಡರೆ, ಚೌಡಯ್ಯನವರು ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡರು. ಅಷ್ಟು ನಿಷ್ಠುರವಾಗಿ ನುಡಿಯುವ ಧೈರ್ಯ ಅವರಿಗೆ ಎಲ್ಲಿಂದ ಬಂದಿತೆಂದು ನಾವು ಹಲವು ಸಲ ಯೋಚಿಸಿದ್ದುಂಟು. ಹೊಳೆಯ ನಡುವೆ ರಾಜನಿರಲಿ, ಪಂಡಿತನಿರಲಿ, ಧನಿಕನಿರಲಿ, ಎಲ್ಲರ ಪ್ರಾಣವೂ ಅಂಬಿಗನ ಕೈಯಲ್ಲಿ. ಅಲ್ಲಿ ಅವನು ದಾಕ್ಷಿಣ್ಯಕ್ಕೆ ಒಳಗಾದರೆ ಎಲ್ಲರೂ ಮುಳುಗಬೇಕಾಗುತ್ತದೆ. ನಿಷ್ಠುರತೆಯು ಆ ಕಾಯಕದ ಅಂಗವೇ ಆಗಿದೆಯೆಂದು ಮೂಲ್ಕಿಯ ಅಳಿವೆಯಲ್ಲಿ ನಮಗೆ ತೋರಿತು.

ದಾಕ್ಷಿಣ್ಯ, ಆತುರಗಳ ಬೆಲೆ ಎಂಥದೆಂಬುದಕ್ಕೆ ನಮ್ಮ ಕರಾವಳಿಯಲ್ಲಿಯೇ ನೋವಿನ ನಿದರ್ಶನವಿದೆ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆಗೆ ಹೋಗಿದ್ದವರ ದೋಣಿಯೊಂದು ಮಗುಚಿ 16 ಮಂದಿ ಅಸುನೀಗಿದರು. ಘಟ್ಟದ ಮೇಲಿನ ನಮ್ಮ ಉತ್ತರ ಕರ್ನಾಟಕದ ಕಡೆಯಿಂದ ಬಂದವರೂ, ಮಕ್ಕಳೂ ಅವರಲ್ಲಿದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ಅಂದಿನ ವರದಿಗಳು ಹೇಳಿದವು. ಅವರು ಯಾರೂ ಸಾಹಸಕ್ಕಾಗಿ ಹೋದವರಲ್ಲ. ನಮ್ಮಂತೆಯೇ ಹೆಂಡತಿ ಮಕ್ಕಳೊಡನೆ ಹೊರಟವರು. 'ಇನ್ನಿಬ್ಬರು ಹತ್ತಲಿ, ಏನಾಗುತ್ತದೆ?' ಎಂಬ ಮಾತು ಬಸ್ಸಿನಲ್ಲಿ ನಡೆಯಬಹುದು. ನೀರಿನ ಮೇಲೆ ನಡೆಯದು.

ಶನಿವಾರ ರಾತ್ರಿ ಉಡುಪಿಯಲ್ಲಿ ತಂಗಿದೆವು. ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಲ್ಪೆಯಲ್ಲಿದ್ದೆವು. ಗಾಳಿಯಿರಲಿಲ್ಲ. ಹಿಂದಿನ ದಿನ ಒಡೆದು ಬೀಳುತ್ತಿದ್ದ ಕಡಲು ಅಂದು ಎಣ್ಣೆ ಸವರಿದಂತೆ ನುಣುಪಾಗಿತ್ತು. ಸಣ್ಣ ಮೋಟಾರು ದೋಣಿಗಳಲ್ಲಿ ದ್ವೀಪದ ಕಡೆ ಹೊರಟೆವು. ತೀರದಿಂದ ಸುಮಾರು 6 ಕಿಲೋಮೀಟರು. ತಾಯಿಯವರು ಈ ಸಲ ಯಾರೂ ಹೇಳುವ ಮೊದಲೇ ಜಾಕೆಟ್ ಕೇಳಿ ಪಡೆದು, ಪಟ್ಟಿ ಎಲ್ಲಿ ಬರಬೇಕೆಂಬುದನ್ನು ದೋಣಿಯವನಿಗೆ ತಾವೇ ತೋರಿಸಿಕೊಟ್ಟರು. ದಡ ದೂರವಾಗಿ ಸುತ್ತಲೂ ನೀರೇ ಆದಾಗ ಅವರು ಮಾತು ನಿಲ್ಲಿಸಿ ಮಗನ ಕೈ ಹಿಡಿದುಕೊಂಡು ಕುಳಿತರು.

ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿ ಇಳಿದು ದ್ವೀಪಕ್ಕೆ ಮೇರಿಯ ಹೆಸರನ್ನಿಟ್ಟನೆಂಬ ಪ್ರತೀತಿಯಿದೆ. ಆದರೆ ಅಲ್ಲಿಯ ಬಂಡೆಗಳ ಕಥೆ ಅದಕ್ಕಿಂತ ಬಹಳ ಹಳೆಯದು. ಯಾರೋ ಶಿಲ್ಪಿ ಕಡೆದು ಜೋಡಿಸಿಟ್ಟಂತೆ ಕಾಣುವ ಪಟ್ಟಕದಾಕಾರದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾರಸ ತಣಿದು ಬಿರುಕುಬಿಟ್ಟು ಆದವು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ ಗುರುತುಗಳಿವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅಂಥದೇ ಮತ್ತೊಂದು ಸ್ಮಾರಕ ತಮ್ಮ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಇದೆಯೆಂದೂ, ದಿಂಬುಗಳನ್ನು ಪೇರಿಸಿದಂತಿರುವ ಅಲ್ಲಿಯ ಕಲ್ಲುಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾರಸದಿಂದಾದವೆಂದೂ ನಮ್ಮ ಉಪಾಧ್ಯಾಯ ಮಿತ್ರರು ವಿವರಿಸಿದರು. "ಹಂಗಾದ್ರ ನಾವೂ ಕಡಲಿನವರ ಅನ್ರಿ!" ಎಂದು ತಾಯಿಯವರು ನಕ್ಕರು.

ಮಕ್ಕಳು ಆ ಕಂಬಗಳ ತುದಿಗೆ ಓಡಲು ನೋಡಿದಾಗ ದೋಣಿಯವನು ಕೂಗಿ ತಡೆದನು. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಬರಬಹುದು ಎಂದನು. 2022ರ ಏಪ್ರಿಲ್ ತಿಂಗಳಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದ ಬಳಿಯೇ ನೀರುಪಾಲಾದದ್ದನ್ನು ನಾವು ಮಕ್ಕಳಿಗೆ ಮೆಲ್ಲನೆ ತಿಳಿಸಿದೆವು. ಅವರು ಮತ್ತೆ ಹಟ ಮಾಡಲಿಲ್ಲ.

ರಜೆಯಲ್ಲಿ ಕರಾವಳಿಗೆ ಬರುವ ನಮ್ಮ ಬಂಧುಗಳು ಈಗ ಹೆಚ್ಚುತ್ತಿದ್ದಾರೆ. ಬರಬೇಕು, ಸಂತೋಷಪಡಬೇಕು. ಮನೆಯ ಹಿರಿಯರನ್ನೂ ಕರೆತರಬೇಕು. ಹೊರಡುವ ಮುನ್ನ ಕೆಲವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ದೋಣಿಯ ಪಯಣಕ್ಕೆ ಬೆಳಗಿನ ಹೊತ್ತೇ ಲೇಸು. ಜಾಕೆಟ್ ಇಲ್ಲದ ದೋಣಿಯನ್ನು ಹತ್ತಬಾರದು. ಇದ್ದ ಜಾಕೆಟ್ಟನ್ನು ಸೆಕೆಯೆಂದು ಬಿಚ್ಚಿಡಬಾರದು. ಸೀರೆಯುಟ್ಟವರೂ, ಲಿಂಗ ಧರಿಸಿದವರೂ ಅದನ್ನು ಸರಿಯಾಗಿ ತೊಡಬಹುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ದೋಣಿ ಸಾಲದಾದರೆ ಎರಡನ್ನು ಗೊತ್ತುಮಾಡಬೇಕು. ನಮ್ಮ ಮಕ್ಕಳಿಗೆ ಈಜು ಕಲಿಸುವುದನ್ನು ಶಾಲೆಯ ಪಾಠದಷ್ಟೇ ಅಗತ್ಯವೆಂದು ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದೋಣಿಯವನು 'ಬೇಡ' ಎಂದಾಗ ಚೌಕಾಸಿಗೆ ಇಳಿಯಬಾರದು. ಹಣ ಹೆಚ್ಚಿಸಿ ಅವನ ಮನಸ್ಸನ್ನು ಬದಲಿಸಲು ಹೋಗುವುದೆಂದರೆ ಬಡವನೊಬ್ಬನ ಕಾಯಕವನ್ನು ಪರೀಕ್ಷೆಗೆ ಒಡ್ಡಿದಂತೆ. ಎಲ್ಲರೂ ಮೂಲ್ಕಿಯ ಆ ಅಂಬಿಗರಂತೆ ಗೆಲ್ಲಲಾರರು.

ಹುಬ್ಬಳ್ಳಿಯ ಗೆಳೆಯರು ಊರಿಗೆ ಮರಳಿದ ವಾರದಲ್ಲಿಯೇ ಒಂದು ಪೊಟ್ಟಣ ಕಳುಹಿಸಿದರು. ಅದರಲ್ಲಿ ಎರಡು ಡಜನ್ ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಮೂಲ್ಕಿಯ ಅಂಬಿಗರ ಮನೆಗೆ ತಲುಪಿಸಬೇಕೆಂದು ತಾಯಿಯವರ ಅಪ್ಪಣೆ. ತಲುಪಿಸಿ ಬಂದೆವು. ಅದನ್ನು ಮಾತ್ರ ಅವರು ಹಿಂದಿರುಗಿಸಲಿಲ್ಲ.